ಅರವತ್ತನೆಯ ಚೀಟಿ

ಸೊಸೆ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂದಾಗ ಅತ್ತೆ ಬಿಳಿಯ ಅಂಗಿಯೊಂದಕ್ಕೆ ನಾಲ್ಕನೆಯ ಕಾಜಾ ಹಾಕುತ್ತಿದ್ದರು. ಗುಂಡಿ ತೂರಿಸುವ ಸಣ್ಣ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಕಟ್ಟುವ ಕೆಲಸ ಅದು; ನಡುವೆ ಕೈಬಿಟ್ಟರೆ ಅಂಚು ಬಿಚ್ಚಿಕೊಳ್ಳುತ್ತದೆ. ಫೋನಿನಲ್ಲಿ ದೊಡ್ಡ ಮಗ "ಅಮ್ಮಾ" ಎಂದ.

"ಹೇಳಪ್ಪ."

"ಹೋದ್ಲು, ಅಮ್ಮ."

ಅತ್ತೆ "ಹೂಂ" ಎಂದರು. ಫೋನನ್ನು ಮೇಜಿನ ಮೇಲೆ ಕವುಚಿಟ್ಟರು. ಅಂಗಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಆ ಕಾಜಾ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದರು. ಅದೇ ಹೊತ್ತಿಗೆ ಒಳಗೆ ಬಂದ ಪಕ್ಕದ ಮನೆಯಾಕೆ ಅದನ್ನು ಕಂಡು, "ಮುದುಕಿಯದು ಕಲ್ಲೆದೆ" ಎಂದು ಬೀದಿಗೆಲ್ಲ ಹೇಳಿದಳು. ಆದರೆ ಹಿಂದಿನ ದಿನ ಆಸ್ಪತ್ರೆಯ ಗಾಡಿ ಹತ್ತುವಾಗ, ತಲೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಸೊಸೆ ಬಾಗಿಲ ಕಡೆ ತಿರುಗಿದ್ದಳು. "ಅತ್ತೆ, ಆ ಬಿಳೀ ಅಂಗಿ ಸೋಮವಾರ ಕೊಡ್ಬೇಕು. ಕಾಜಾ ಹಾಕಿಟ್ಟಿರಿ." ಅವಳು ಆಡಿದ ಕಡೆಯ ಮಾತು ಅದು. ಕಡೆಯ ಮಾತನ್ನು ಅರ್ಧಕ್ಕೆ ಬಿಟ್ಟು ಏಳುವುದು ಹೇಗೆ?

ಆ ಮನೆಯಲ್ಲಿ ಅವರನ್ನು ಅತ್ತೆ ಎನ್ನುತ್ತಿದ್ದವಳು ಅವಳೊಬ್ಬಳೇ. ಗಂಡುಮಕ್ಕಳಿಬ್ಬರಿಗೆ ಅವರು ಅಮ್ಮ, ಮೊಮ್ಮಗಳಿಗೆ ಅಜ್ಜಿ, ಬೀದಿಯವರಿಗೆ ಕಾಜಾದಮ್ಮ. ಆದರೂ ಇಲ್ಲಿ ಅವರನ್ನು ಅತ್ತೆ ಎಂದೇ ಹೇಳಬೇಕು. ಕರೆಯುವವಳು ಹೋದ ಮೇಲೆಯೂ ಆ ಹೆಸರು ಅವರನ್ನು ಬಿಡಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತರೆ ಮುಂದಿನ ಕೋಣೆಯಿಂದ "ಅತ್ತೆ, ಹಾಲು!" ಎಂದು ಕೇಳಿಸುತ್ತಿತ್ತು. ಓಡಿ ಹೋದರೆ ಹಾಲು ನಿಜಕ್ಕೂ ಉಕ್ಕುವುದರಲ್ಲಿರುತ್ತಿತ್ತು.

ಸೊಸೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮುಂದಿನ ಕೋಣೆಯೇ ಅವಳ ಅಂಗಡಿ. ಕತ್ತರಿಸುವುದು, ಹೊಲಿಯುವುದು ಅವಳದು. ಕಾಜಾ, ಗುಂಡಿ ಅತ್ತೆಯದು. ಗಂಡ ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಗಾಜು ಉಜ್ಜಿ ಉಜ್ಜಿ ಮಾತೂ ನಯವಾಗಿ ಸವೆದುಹೋದ ಮನುಷ್ಯ. ಮೈದುನ ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದ. ಅವನಿಗೆ ಅತ್ತಿಗೆ ಇಟ್ಟ ಹೆಸರು ಅರ್ಧ ವಕೀಲ. ಮಗಳಿಗೆ ಹದಿನಾರು; ಎಷ್ಟು ತಿಂದರೂ ಮೈಗೆ ಹತ್ತದವಳೆಂದು ಎಲ್ಲರ ಬಾಯಲ್ಲೂ ಅವಳು ಕಡ್ಡಿ.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು ಎಂದರು ಆಸ್ಪತ್ರೆಯಲ್ಲಿ. ಎಳೆಯ ವೈದ್ಯನೊಬ್ಬ ಕಾಗದ ಬರೆಯುತ್ತ, ತಲೆ ಎತ್ತದೆ ಕೇಳಿದ್ದ: "ಇತ್ತೀಚೆಗೆ ಯಾವುದಾದ್ರೂ ಇಂಜೆಕ್ಷನ್ ತಗೊಂಡಿದ್ರಾ?" ಹನ್ನೊಂದು ದಿನದ ಹಿಂದೆ, ಆ ವರ್ಷ ಹರಡಿದ ಜ್ವರಕ್ಕೆ ಊರಿಗೆಲ್ಲ ಹಾಕಿದಂತೆ ಅವಳಿಗೂ ಲಸಿಕೆ ಹಾಕಿದ್ದರು. ಗಂಡ ಹಾಗೆಂದು ಹೇಳಿದ. ವೈದ್ಯ ಅದನ್ನೂ ಬರೆದುಕೊಂಡ, ಮತ್ತೇನೂ ಹೇಳಲಿಲ್ಲ. ಆ ಪ್ರಶ್ನೆ ಮಾತ್ರ ಅವರ ಹಿಂದೆಯೇ ಮನೆಗೆ ಬಂದು ಕೂತಿತು.

ಮೂರನೆಯ ವಾರ. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಕೈಯಲ್ಲಿ ಹೊಲಿಗೆಯ ಚೀಟಿ.

"ಎರಡು ಲಂಗ ಕೊಟ್ಟಿದ್ದೆ. ಆಗಿದ್ಯಾ?"

"ಒಂದಾಗಿದೆ," ಎಂದರು ಅತ್ತೆ.

"ಅವರು ಇಲ್ವಾ?"

"ಇಲ್ಲ."

"ಎಷ್ಟೊತ್ತಿಗೆ ಬರ್ತಾರೆ?"

ಒಳಗಿನಿಂದ ಕಡ್ಡಿ ಬಂದು, ಆಗಿದ್ದ ಲಂಗವನ್ನೂ ಬರೀ ಕತ್ತರಿಸಿಟ್ಟಿದ್ದ ಇನ್ನೊಂದರ ಬಟ್ಟೆಯನ್ನೂ ಮಡಿಸಿ ಕೊಟ್ಟು, "ಬರಲ್ಲ ಅವರು. ಬೇರೆ ಕಡೆ ಹೊಲಿಸ್ಕೊಳ್ಳಿ," ಎಂದಳು. ಹೆಂಗಸು ಬಟ್ಟೆಯ ಮೇಲಿದ್ದ ಸೀಮೆಸುಣ್ಣದ ಗೆರೆ ನೋಡಿದಳು, ಹುಡುಗಿಯ ಮುಖ ನೋಡಿದಳು. ಅರ್ಥವಾಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಹೋದಳು.

ಅಂದು ಸಂಜೆಯೇ ಅರ್ಧ ವಕೀಲ ಅರ್ಜಿಯ ಕಟ್ಟು ತಂದದ್ದು. ಊಟದ ಮೇಜಿನ ಮೇಲೆ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ತಟ್ಟೆ ನಾಲ್ಕಿಡಲು ಹೋಗಿ ಅತ್ತೆ ಐದಿಟ್ಟಿದ್ದರು, ಯಾರೂ ಎತ್ತಲಿಲ್ಲ. ಆ ಖಾಲಿ ತಟ್ಟೆಯ ಪಕ್ಕದಲ್ಲೇ ಅವನು ಕಾಗದ ಬಿಚ್ಚಿದ.

"ಲಸಿಕೆಯಿಂದ ತೊಂದರೆ ಆಯ್ತು ಅನ್ನೋರಿಗೆ ಪರಿಹಾರ ಮಂಡಳಿ ಅಂತ ಇದೆ. ಅರ್ಜಿ ಹಾಕಿದ್ರೆ ಕರೆಸಿ ವಿಚಾರಣೆ ಮಾಡ್ತಾರೆ. ನಮ್ಮ ವಕೀಲರ ಹತ್ರ ಈಗಾಗ್ಲೇ ನಾಲ್ಕು ಅರ್ಜಿ ಬಂದಿವೆ."

"ನಮ್ಮದು ಬೇಡ," ಎಂದ ಅಣ್ಣ.

"ಯಾಕೆ?"

"ಊರಿಗೆಲ್ಲ ಹಾಕಿದ್ರು. ನಂಗೂ ಹಾಕಿದ್ರು, ನಿಂಗೂ ಹಾಕಿದ್ರು. ಅದರಿಂದಾನೇ ಅಂತ ನೀನು ಕಂಡಿದ್ಯಾ?"

"ಅದರಿಂದ ಅಲ್ಲ ಅಂತ ನೀನು ಕಂಡಿದ್ಯಾ?"

"ಅರ್ಧ ವೈದ್ಯ ಪ್ರಾಣ ತೆಗೀತಾನೆ, ಅರ್ಧ ವಕೀಲ ಮಾನ ತೆಗೀತಾನೆ ಅಂತ ಅವಳೇ ಅಂತಿದ್ಲು."

"ಅಂತಿದ್ಲು, ನಗ್ತಾ ಅಂತಿದ್ಲು! ಎರಡು ಹೊತ್ತು ಬಡಿಸಿ ಅಂತಿದ್ಲು. ನಿಂಗೆ ಹೆಂಡ್ತಿ ಹೋದ್ಲು ಅಣ್ಣ, ನಂಗೆ ಇನ್ನೊಬ್ಬ ತಾಯಿ ಹೋದ್ಲು. ದುಡ್ಡು ಯಾರಿಗೆ ಬೇಕು?"

"ಕಾಗದದ ತಲೆಮೇಲೇ ಬರೆದಿದೆಯಲ್ಲ ಪರಿಹಾರ ಅಂತ. ಏನನ್ನ ಪರಿಹರಿಸ್ತಾರಂತೆ?"

ಕಡ್ಡಿ ಆಲೂಗಡ್ಡೆಯನ್ನು ಬೆರಳಲ್ಲಿ ಹಿಸುಕುತ್ತ ಕೂತಿದ್ದಳು. "ಹಾಕು ಚಿಕ್ಕಪ್ಪ," ಎಂದಳು. "ಯಾಕೆ ಹೀಗಾಯ್ತು ಅಂತ ಯಾರಾದ್ರೂ ನಂಗೆ ಹೇಳ್ಬೇಕು. ಅಪ್ಪ ಹೇಳಲ್ಲ. ಅಜ್ಜಿ ದೇವರನ್ನ ಕೇಳು ಅಂತಾಳೆ. ದೇವರು ಅರ್ಜಿ ತಗೊಳ್ಳಲ್ಲ."

"ಬಿಡ್ತು ಅನ್ನು," ಎಂದರು ಅತ್ತೆ. ಆದರೆ ಆ ಮಾತಿನ ಮೇಲೆ ಮತ್ತೆ ಯಾರೂ ಬೇಡ ಎನ್ನಲಿಲ್ಲ.

ಅರ್ಜಿಯ ಮೂರನೆಯ ಹಾಳೆಯಲ್ಲಿ ಹನ್ನೊಂದು ಅಡ್ಡ ಗೆರೆ ಎಳೆಯಬೇಕಿತ್ತು. ಲಸಿಕೆಯ ದಿನದಿಂದ ಕಡೆಯ ದಿನದವರೆಗೆ ಪ್ರತಿ ದಿನ ಏನು ಊಟ, ಏನು ಕೆಲಸ, ಏನು ತೊಂದರೆ ಎಂದು ಮನೆಯವರೆಲ್ಲ ಕೂತು ನೆನಪಿಸಿ ಬರೆಯಬೇಕು. ಒಂದೊಂದು ಸಂಜೆಗೆ ಒಂದೊಂದು ದಿನ ಎಂದು ಮಾಡಿಕೊಂಡರು.

ಮೊದಲ ಸಂಜೆ ಅರ್ಧ ವಕೀಲ ಪೆನ್ನು ಹಿಡಿದು ಕೇಳಿದ: "ಅವತ್ತು ಅತ್ತಿಗೆ ಜೊತೆ ಹೋಗಿದ್ದು ನೀನೇ ಅಲ್ವಾ ಅಮ್ಮ? ಹೇಳು."

"ಹೋದ್ವಿ. ಸ್ಕೂಲಿನ ಹಾಲ್‌ನಲ್ಲಿ ಚೀಟಿ ಕೊಟ್ರು. ಹಾಕಿದ್ರು. ಬರ್ತಾ ಬಾಳೆಹಣ್ಣು ತಂದ್ವಿ."

"ಮತ್ತೇನಾದ್ರೂ?"

"ಮತ್ತೇನಿಲ್ಲ."

ಇತ್ತು. ಅತ್ತೆಯ ಚೀಟಿ ಅರವತ್ತು, ಸೊಸೆಯದು ಅರವತ್ತೊಂದು. ಅರವತ್ತು ಎಂದು ಕೂಗಿದಾಗ ಅತ್ತೆಯ ಕಾಲು ಏಳಲಿಲ್ಲ. ಬಟ್ಟೆಗೆ ಚುಚ್ಚಿ ಚುಚ್ಚಿ ಬೆರಳು ಕಾಯಿಕಟ್ಟಿದ ಹೆಂಗಸು, ತನ್ನ ಮೈಗೆ ಬರುವ ಸೂಜಿಯೆಂದರೆ ಮಗುವಿನ ಹಾಗೆ ಹೆದರುತ್ತಿದ್ದರು. "ನೀನು ಮೊದಲು ಹೋಗಿ ನೋಡಿ ಹೇಳೇ," ಎಂದು ಸೊಸೆಯ ಕೈಯಲ್ಲಿ ತಮ್ಮ ಚೀಟಿ ಇಟ್ಟರು. ಬಿಸಿ ಹಾಲನ್ನು ಮೊದಲು ಅವಳೇ ತುಟಿಗಿಟ್ಟು ನೋಡಿ ಕೊಡುತ್ತಿದ್ದಳು. ಇದೂ ಹಾಗೆಯೇ ಎಂದುಕೊಂಡರು. ಸೊಸೆ ನಗುತ್ತ ಹೋಗಿ ಆ ಕುರ್ಚಿಯ ಮೇಲೆ ಕೂತಳು. ತೋಳು ಒರೆಸಿಕೊಂಡು ಎದ್ದು, ಹಾಲ್‌ಗೆಲ್ಲ ಕೇಳಿಸುವಂತೆ ಕೂಗಿದಳು: "ಇರುವೆ ಕಚ್ಚಿದ ಹಾಗೆ ಅಷ್ಟೆ. ಬನ್ನಿ ಅತ್ತೆ." ಅತ್ತೆ ಅರವತ್ತೊಂದರ ಚೀಟಿಯಲ್ಲಿ ಹೋಗಿ ಕೂತರು. ಮನೆಯಲ್ಲಿ ಮಕ್ಕಳು ನಗುತ್ತಾರೆಂದು ಇದನ್ನು ಹೇಳಬೇಡವೆಂದಿದ್ದರು. ಅವಳು ಹೇಳಲಿಲ್ಲ.

ನಾಲ್ಕನೆಯ ದಿನಕ್ಕೆ ದೊಡ್ಡ ಜಗಳವೇ ಆಯಿತು. ಅವಳು ಅಂದು ಬೆಳಿಗ್ಗೆ ಮೊಟ್ಟೆ ತಿಂದಳೆಂದು ಅರ್ಧ ವಕೀಲ, ತಿನ್ನಲಿಲ್ಲವೆಂದು ಕಡ್ಡಿ.

"ಇದ್ದದ್ದೇ ಮೂರು ಮೊಟ್ಟೆ ಚಿಕ್ಕಪ್ಪ. ಎರಡು ನೀನು ತಿಂದೆ. ಒಂದು ನಂಗೆ ಹಾಕಿದ್ಲು."

"ಹಾಗಾದ್ರೆ ಅವಳೇನು ತಿಂದ್ಲು?"

ಯಾರಿಗೂ ಗೊತ್ತಿರಲಿಲ್ಲ. ಅವನು ಆ ಜಾಗ ಖಾಲಿ ಬಿಟ್ಟ. ಹಾಳೆ ತುಂಬುತ್ತ ಹೋದಂತೆ ಅಂಥ ಖಾಲಿ ಜಾಗಗಳೇ ಹೆಚ್ಚಾದವು. ಮನೆಯವರೆಲ್ಲ ಏನು ತಿಂದರೆಂದು ಎಲ್ಲರಿಗೂ ನೆನಪಿತ್ತು. ಬಡಿಸಿದವಳು ಏನು ತಿಂದಳೆಂದು ನೋಡಿದವರಿರಲಿಲ್ಲ.

ಎಂಟನೆಯ ದಿನ ತಲೆನೋವು ಶುರು. ತಲೆಗೆ ಬಟ್ಟೆ ಕಟ್ಟಿಕೊಂಡು ಹೊಲಿಯುತ್ತ ಕೂತವಳನ್ನು ನೋಡಿ ತಾವು ಏನೆಂದಿದ್ದರೆಂಬುದನ್ನು ಅತ್ತೆಯೇ ಹೇಳಿದರು: "ತಲೆ ಇದ್ದೋರಿಗೆಲ್ಲ ತಲೆನೋವು ಇದ್ದದ್ದೇ ಅಂದೆ. ಬರ್ಕೋ." ಅವನು ಬರೆಯಲಿಲ್ಲ.

ಒಂಬತ್ತನೆಯ ದಿನ ಗಂಡನದು. "ಅಂಗಡಿಗೆ ಬಂದಿದ್ಲು. ಕಣ್ಣು ಪರೀಕ್ಷೆ ಮಾಡ್ದೆ. ಕಡೇ ಸಾಲಿನ ಅಕ್ಷರಾನೂ ಓದಿದ್ಲು. ಕಣ್ಣು ಸರಿಯಾಗಿದೆ, ಏನೂ ಇಲ್ಲ, ಹೋಗು ಅಂದೆ." ಹೆಬ್ಬೆರಳಿನಿಂದ ಮೇಜನ್ನು ಉಜ್ಜಿದ. "ನನ್ನ ಕಣ್ಣು ಬಿಡಿ, ಅತ್ತೆ ಕನ್ನಡಕ ಗೀರಿಹೋಗಿದೆ, ಬೇರೆ ಗಾಜು ಹಾಕ್ಕೊಡಿ ಅಂದ್ಲು. ನಾಳೆ ನೋಡೋಣ ಅಂದೆ." ಅವನು ತಾಯಿಯ ಮುಖದ ಕಡೆ ನೋಡಲಿಲ್ಲ. ಎಡಗಣ್ಣಿನ ಗಾಜಿನ ಮೇಲೆ ಆ ಗೀರು ಇನ್ನೂ ಹಾಗೆಯೇ ಇತ್ತು.

ಹತ್ತನೆಯ ದಿನದ ಸಂಜೆ ಕಡ್ಡಿ, "ಅವತ್ತು ಅಮ್ಮ ನನ್ನ ಜೊತೆ ಮಾತಾಡ್ಲಿಲ್ಲ. ನಾನೇ ಬೈದಿದ್ದೆ," ಎಂದಷ್ಟೇ ಹೇಳಿ ಎದ್ದುಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಹನ್ನೊಂದೂ ಮುಗಿದ ಮರುದಿನ ಸಂಜೆ ನಾಲ್ವರೂ ಎಂದಿನಂತೆ ಮೇಜಿಗೆ ಬಂದು ಕೂತರು. ಕೇಳಲು ದಿನವೇ ಉಳಿದಿರಲಿಲ್ಲ. ಹನ್ನೊಂದು ಸಂಜೆ ಅವಳು ಆ ಮನೆಯಲ್ಲಿ ಓಡಾಡಿ, ಬಡಿಸಿ, ಬಟ್ಟೆ ಕತ್ತರಿಸಿ, ಈಗ ಎರಡನೆಯ ಸಲ ಹೋಗಿದ್ದಳು. ಆ ಸಂಜೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿಸಿತೆಂದು ಅತ್ತೆಗೆ ಅನ್ನಿಸಿತು. ಕಡ್ಡಿಯೂ ಅದೇ ಕ್ಷಣಕ್ಕೆ ಆ ಕಡೆ ತಿರುಗಿದಳು.

ಅರ್ಜಿ ಹೋಗಿ ಒಂದು ತಿಂಗಳ ಮೇಲೆ, ಭಾನುವಾರ ಬೆಳಿಗ್ಗೆ, ಅರ್ಧ ವಕೀಲ ಮನೆಯವರ ಲಸಿಕೆಯ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡ. ಅತ್ತೆ ಪಕ್ಕದಲ್ಲಿ ಅವನ ಅಂಗಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತಿದ್ದರು.

"ನಮ್ಮ ವಕೀಲರು ಒಂದು ವಿಷಯ ಹಿಡಿದಿದ್ದಾರೆ ಅಮ್ಮ. ಉಳಿದ ನಾಲ್ಕು ಅರ್ಜಿಯವರಿಗೂ ಒಂದೇ ಬ್ಯಾಚಿನ ಔಷಧಿ ಹಾಕಿರೋದು. ಅತ್ತಿಗೆದೂ ಅದೇ ಆಗಿದ್ರೆ ಐದೂ ಸೇರಿಸಿ ಗಟ್ಟಿಯಾಗಿ ವಾದ ಮಾಡ್ಬಹುದಿತ್ತು. ಆದ್ರೆ ನೋಡು, ಇವಳ ಕಾರ್ಡಲ್ಲಿ ಬೇರೆ ನಂಬರು. ಅರವತ್ತೊಂದರಿಂದ ಹೊಸ ಡಬ್ಬ ಒಡೆದಿದ್ದಾರೆ." ಅವನು ಇನ್ನೊಂದು ಕಾರ್ಡು ಎತ್ತಿ ಕಣ್ಣಿಗೆ ಹತ್ತಿರ ಹಿಡಿದ. "ಅಯ್ಯೋ ಅಮ್ಮಾ! ಆ ಬ್ಯಾಚು ನಿಂದು! ಅರವತ್ತು, ಹಳೇ ಡಬ್ಬದ ಕಡೇ ಶೀಸೆಯ ಕಡೇದು. ದೇವರು ದೊಡ್ಡೋನು, ನಿಂಗೆ ಏನೂ ಆಗ್ಲಿಲ್ಲ."

ಸೂಜಿ ಗುಂಡಿಯ ತೂತು ತಪ್ಪಿ ಅತ್ತೆಯ ಹೆಬ್ಬೆರಳಿಗೆ ಇಳಿಯಿತು. ಹೊರಗೆ ತೆಗೆಯಬೇಕೆಂದೂ ಹೊಳೆಯಲಿಲ್ಲ.

ಚೀಟಿ ಕೊಟ್ಟ ಗುಮಾಸ್ತ, ಜನ ಜಾಸ್ತಿಯೆಂದು, ಬೆಳಿಗ್ಗೆಯೇ ಕಾರ್ಡುಗಳಿಗೆಲ್ಲ ಚೀಟಿಯ ಕ್ರಮದಲ್ಲಿ ಹೆಸರು, ಬ್ಯಾಚಿನ ನಂಬರು ತುಂಬಿ ಹತ್ತು ಹತ್ತರ ಕಟ್ಟು ಮಾಡಿಟ್ಟಿದ್ದುದು ಅವರಿಗೆ ನೆನಪಿತ್ತು. ಕೂತವರು ಯಾರು ಎಂದು ಯಾರೂ ನೋಡಿರಲಿಲ್ಲ. ಕಾಗದದಲ್ಲಿ ಅರವತ್ತು ತಾವು. ಕುರ್ಚಿಯಲ್ಲಿ ಅರವತ್ತು ಅವಳು.

ಅಂದಿನಿಂದ ಅತ್ತೆಗೆ ಅನ್ನ ಇಳಿಯಲಿಲ್ಲ. ದೇವರ ಮುಂದೆ ದೀಪ ಹಚ್ಚಿ ಕೂತರೆ ಪ್ರಾರ್ಥನೆಯ ಮಾತು ಬರುವ ಜಾಗದಲ್ಲಿ ಆ ಹಾಲ್, ಆ ನಗು, "ಬನ್ನಿ ಅತ್ತೆ" ಎಂಬ ಕೂಗು. ಮೂರು ದಿನ ಹೀಗೆ ಕಳೆದು ನಾಲ್ಕನೆಯ ದಿನ, ಸಂಜೆಯ ಊಟಕ್ಕೆ ಎಲ್ಲರೂ ಕೂತಾಗ, ಬಡಿಸುವ ಸೌಟು ಕೆಳಗಿಟ್ಟರು.

"ಅರವತ್ತು ನಂದು," ಎಂದರು. "ಕೂತೋಳು ಅವಳು."

ಮೊದಲು ಯಾರಿಗೂ ತಿಳಿಯಲಿಲ್ಲ. ಅವರು ಮೊದಲಿನಿಂದ ಹೇಳಿದರು. ಹೇಳುತ್ತಿದ್ದಷ್ಟು ಹೊತ್ತೂ ಖಾಲಿ ತಟ್ಟೆಯನ್ನೇ ನೋಡುತ್ತಿದ್ದರು. ಐದನೆಯ ತಟ್ಟೆ ಇಡುವುದು ಅಷ್ಟರಲ್ಲಿ ಆ ಮನೆಯ ರೂಢಿಯೇ ಆಗಿಹೋಗಿತ್ತು.

ದೊಡ್ಡ ಮಗ ಕೇಳಿದ: "ಸೂಜಿಗೆ ಹೆದರಿ?"

"ಹೂಂ."

"ದಿನಾ ಬೆಳಗಾದ್ರೆ ಸೂಜಿ ಹಿಡಿಯೋಳು ನೀನು."

"ಹೂಂ ಕಣಪ್ಪ."

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮರುದಿನದಿಂದ ಎರಡು ಹೊತ್ತಿನ ಊಟವನ್ನೂ ಡಬ್ಬಿಯಲ್ಲಿ ಅಂಗಡಿಗೆ ತೆಗೆದುಕೊಂಡು ಹೋಗತೊಡಗಿದ. ಬೈಯಲಿಲ್ಲ. ಬೈದಿದ್ದರೆ ಅತ್ತೆ ಎರಡು ಮಾತು ಆಡಿ, ಅತ್ತು, ಹಗುರಾಗುತ್ತಿದ್ದರು. ಕಡ್ಡಿ, "ಹಾಗಾದ್ರೆ ಅಮ್ಮಂಗೆ ಬಂದಿದ್ದು ನಿಂದಾ ಅಜ್ಜಿ?" ಎಂದು ಒಂದೇ ಸಲ ಕೇಳಿದಳು. ಆಮೇಲೆ ಜಡೆ ಹಾಕಿಸಿಕೊಳ್ಳಲು ಬರಲಿಲ್ಲ. ತಾನೇ ಸೊಟ್ಟಪಟ್ಟ ಹಾಕಿಕೊಂಡು ಶಾಲೆಗೆ ಹೋದಳು.

ಅರ್ಧ ವಕೀಲ ಮಾತ್ರ ಎರಡು ದಿನ ತಾಯಿಯ ಹಿಂದೆ ಮುಂದೆ ಸುತ್ತಾಡಿ, ಕಡೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಮ್ಮ, ನಾನು ಹೀಗೆ ಕೇಳ್ಬಾರ್ದು."

"ಕೇಳು."

"ಇದನ್ನ ಮಂಡಳಿ ಮುಂದೆ ಹೇಳ್ತೀಯಾ? ಹೇಳಿದ್ರೆ ನಮ್ಮದು ಆ ನಾಲ್ಕರ ಜೊತೆ ಸೇರುತ್ತೆ. ಕೇಸು ಗಟ್ಟಿಯಾಗುತ್ತೆ."

"ನನ್ನ ಸಾವು ಅವಳು ತಗೊಂಡ್ಲು ಅಂತ ಹೇಳ್ಬೇಕು. ಅಷ್ಟೇ ತಾನೆ?"

"ಹಾಗನ್ಬೇಡ."

"ಹೇಗಂದ್ರೂ ಅದೇ. ಹೇಳ್ತೀನಿ. ಎಲ್ಲಾದ್ರೂ ಒಂದು ಕಡೆ ಹೇಳ್ಲೇಬೇಕು."

ವಿಚಾರಣೆಯ ಕೋಣೆಯಲ್ಲಿ ಉದ್ದದ ಮೇಜು, ನೀರಿನ ಹೂಜಿ, ಗೋಡೆಗೆ ಓಡದ ಗಡಿಯಾರ. ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷೆ, ಎಡಕ್ಕೆ ಬರೆಯುವವನು, ಬಲಕ್ಕೆ ತಲೆಯೆಲ್ಲ ನರೆತ ವೈದ್ಯರೊಬ್ಬರು. ಮನೆಯವರು ನಾಲ್ವರೂ ಹೋಗಿದ್ದರು. ದೊಡ್ಡ ಮಗ ಅಂಗಡಿಗೆ ಬೀಗ ಹಾಕಿ ಬಂದು, ತಾಯಿಯಿಂದ ಎರಡು ಕುರ್ಚಿ ಬಿಟ್ಟು ಕೂತಿದ್ದ.

ಅತ್ತೆ ಎದ್ದು ನಿಂತು ಹೇಳಿದರು. ಬಿಡಿಸಿ ಬಿಡಿಸಿ, ಒಂದೂ ಮಾತು ಮುಚ್ಚಿಡದೆ ಹೇಳಿದರು. ಸೂಜಿಯ ಹೆದರಿಕೆ, ಚೀಟಿ, ಇರುವೆ, ಎಲ್ಲ. ಬರೆಯುವವನು ಒಂದು ಕಡೆ ಪೆನ್ನು ನಿಲ್ಲಿಸಿ ಅವರ ಮುಖ ನೋಡಿದ. ಕಡೆಗೆ ಅವರು, "ನನ್ನ ಪಾಲಿಂದು ಅವಳಿಗೆ ಹೋಯ್ತು ಸ್ವಾಮಿ. ನಾನು ನನ್ನ ಜಾಗದಲ್ಲಿ ಕೂತಿದ್ರೆ ಅವಳು ಇವತ್ತು ಇರ್ತಿದ್ಲು. ಇಷ್ಟನ್ನ ಬರ್ಕೊಳ್ಳಿ," ಎಂದರು.

ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೂತ್ಕೊಳ್ಳಿ ತಾಯಿ. ನಿಮಗೆ ಇದನ್ನ ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿಲ್ಲ. ಬ್ಯಾಚು ಅದೇ ಅಂತೆ."

"ಆ ಬ್ಯಾಚನ್ನ ಈ ಊರಲ್ಲಿ ಮುಕ್ಕಾಲು ಜನಕ್ಕೆ ಹಾಕಿದ್ದಾರೆ. ಅರ್ಜಿಗಳೂ ಅದರಲ್ಲೇ ಜಾಸ್ತಿ ಬರೋದು ಸಹಜ. ಮಿಕ್ಕಿದ್ದ ಶೀಸೆಗಳನ್ನ ತರಿಸಿ ಪರೀಕ್ಷೆ ಮಾಡಿಸಿದ್ವಿ. ಅದರಲ್ಲಿ ತಪ್ಪಿಲ್ಲ. ಹಳೇ ಡಬ್ಬ, ಹೊಸ ಡಬ್ಬ, ಒಳಗಿರೋ ಔಷಧಿ ಒಂದೇ."

"ಹಾಗಾದ್ರೆ ಅಮ್ಮ ಯಾಕೆ ಹೋದ್ಲು?" ಹಿಂದಿನಿಂದ ಕಡ್ಡಿ ಕೇಳಿದಳು. ಚಿಕ್ಕಪ್ಪ ಅವಳ ಕೈ ಎಳೆದ, ಅವಳು ಬಿಡಿಸಿಕೊಂಡಳು.

ವೈದ್ಯರು ಹುಡುಗಿಯನ್ನು ಗದರಲಿಲ್ಲ. "ಲಕ್ಷಾಂತರ ಜನಕ್ಕೆ ಹಾಕಿದಾಗ ಎಲ್ಲೋ ಒಬ್ಬರ ಮೈ ಹೀಗೆ ತಿರುಗಿ ಬೀಳೋದುಂಟು ಮಗಳೇ. ಯಾರ ಮೈ ಅಂತ ಮೊದಲೇ ಗೊತ್ತಾಗಲ್ಲ. ಲಸಿಕೆ ಹಾಕದೆ ಇದ್ರೂ ಈ ಕಾಯಿಲೆ ಬರೋದುಂಟು. ನಿಮ್ಮಮ್ಮಂಗೆ ಯಾವುದು ಅಂತ ಕೇಳಿದ್ರೆ, ನಾನು ನಲವತ್ತು ವರ್ಷ ಇದೇ ಕೆಲಸ ಮಾಡ್ದೋನು, ನಂಗೆ ಗೊತ್ತಿಲ್ಲ." ಮತ್ತೆ ಅತ್ತೆಯ ಕಡೆ ತಿರುಗಿದರು. "ಆದ್ರೆ ಒಂದು ಗೊತ್ತು ತಾಯಿ. ಲಸಿಕೆಯಿಂದಾನೇ ಆಗಿದ್ರೂ ಅದು ಆ ಕುರ್ಚಿಯಲ್ಲಿರ್ಲಿಲ್ಲ. ಅವರು ಅರವತ್ತೊಂದಕ್ಕೆ ಕೂತಿದ್ರೂ ಆಗ್ತಿತ್ತು, ನೂರಕ್ಕೆ ಕೂತಿದ್ರೂ ಆಗ್ತಿತ್ತು. ನಿಮ್ಮ ಸರದಿ ಅವರಿಗೆ ಹೋಗಿಲ್ಲ."

ಅತ್ತೆ ಕೂತೇ ಇದ್ದರು. ಎದೆಯ ಮೇಲಿನ ಕಲ್ಲು ಇಳಿಯಿತೆಂದು ನೋಡುವವರಿಗೆ ಅನ್ನಿಸಿರಬೇಕು. ಅವರಿಗೆ ಹಾಗಾಗಲಿಲ್ಲ. ಇಷ್ಟು ದಿನ ಎರಡು ಕೈಯಲ್ಲಿ ಹಿಡಿದುಕೊಂಡಿದ್ದುದನ್ನು ಯಾರೋ ಮೆಲ್ಲಗೆ ಬಿಡಿಸಿಕೊಂಡಂತಾಗಿ, ಖಾಲಿ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನ ತುದಿಯನ್ನು ಹಿಡಿದುಕೊಂಡರು.

ಹೊರಗೆ ಬಂದು ಬಸ್ಸಿಗೆ ನಿಂತಾಗ ಮೆಲ್ಲಗೆ ಹೇಳಿದರು: "ತಪ್ಪು ನಂದೇ ಆಗಿದ್ರೆ ಚೆನ್ನಾಗಿತ್ತು. ಅಳೋದಕ್ಕೆ ಒಂದು ಜಾಗ ಇರ್ತಿತ್ತು."

ದೊಡ್ಡ ಮಗ ಪಕ್ಕಕ್ಕೆ ಬಂದು ನಿಂತ. ಆಮೇಲೆ, ಬೀದಿಯಲ್ಲೇ, ಜನ ನೋಡುತ್ತಿದ್ದ ಹಾಗೆಯೇ, ಎರಡು ಕೈಯಿಂದ ತಾಯಿಯ ಮುಖದ ಮೇಲಿನ ಕನ್ನಡಕ ತೆಗೆದ. ಎಡದ ಗಾಜನ್ನು ಬೆಳಕಿಗೆ ಹಿಡಿದು, ಗೀರಿನ ಮೇಲೆ ಉಗುರು ಆಡಿಸಿದ.

"ಇದರಲ್ಲಿ ನಿಂಗೆ ಏನು ಕಾಣ್ತಿತ್ತು ಅಮ್ಮ?"

"ಕಾಜಾ ಕಾಣ್ತಿತ್ತು. ಅಷ್ಟು ಸಾಕಿತ್ತು."

"ಕನ್ನಡಕದವನ ತಾಯಿ!" ಎಂದ. ನಗಲು ಹೋದವನ ದನಿ ಒಡೆಯಿತು. "ನಾಳೆ ಅಂದೆ ಅವಳಿಗೆ. ಎಂಬತ್ತು ದಿನ ಆಯ್ತು ಆ ನಾಳೆಗೆ." ಅವತ್ತು ಅವನು ಡಬ್ಬಿ ತೆಗೆದುಕೊಂಡು ಹೋಗಲಿಲ್ಲ. ಅಂಗಡಿಯಿಂದ ಹೊಸ ಗಾಜು ಹಾಕಿಕೊಂಡು ಬಂದು, ಮನೆಯ ಮೇಜಿಗೆ ಕೂತು ಉಂಡ.

ಮಂಡಳಿಯ ಕಾಗದ ಐದು ವಾರದ ಮೇಲೆ ಬಂತು. ಅರ್ಧ ವಕೀಲ ನಿಂತುಕೊಂಡೇ ಓದಿದ. ಲಸಿಕೆಗೂ ಮರಣಕ್ಕೂ ಸಂಬಂಧವಿದೆಯೆಂದು ಸಿದ್ಧವಾಗಿಲ್ಲ, ಇಲ್ಲವೆಂದೂ ಸಿದ್ಧವಾಗಿಲ್ಲ. ಆದ್ದರಿಂದ ಸಂಶಯದ ಲಾಭವನ್ನು ಅರ್ಜಿದಾರರಿಗೆ ಕೊಟ್ಟು, ಮೃತಳ ಮಗಳ ಹೆಸರಿನಲ್ಲಿ ಒಂದು ಮೊತ್ತ ಇಡಲಾಗಿದೆ.

"ಸಂಶಯದಲ್ಲೂ ಲಾಭ ಇದೆ ಅಂತಾಯ್ತು," ಎಂದ ಅಣ್ಣ. ಇಂಥ ಮಾತನ್ನು ಕಚೇರಿಯಲ್ಲಿ ನೂರು ಸಲ ಅಚ್ಚು ಹೊಡೆದಿದ್ದ ತಮ್ಮ ತಲೆ ತಗ್ಗಿಸಿದ.

"ಅಂದ್ರೆ ಅವರಿಗೂ ಗೊತ್ತಿಲ್ಲ," ಎಂದಳು ಕಡ್ಡಿ.

"ಗೊತ್ತಿಲ್ಲ ಕಣೇ."

ಅವಳು ಕಾಗದವನ್ನು ತೆಗೆದುಕೊಂಡು ಮಡಿಸಿ, ಅಮ್ಮನ ಅಳತೆ ಪುಸ್ತಕದ ನಡುವೆ ಇಟ್ಟಳು. ಆಮೇಲೆ ಬಾಚಣಿಗೆ ತಂದು ಅಜ್ಜಿಯ ಮುಂದೆ ಬೆನ್ನು ತಿರುಗಿಸಿ ಕೂತಳು. "ಸೊಟ್ಟ ಆಗ್ತಿದೆ. ಹಾಕು," ಎಂದಳು. ಅತ್ತೆ ಮೂರು ಎಳೆ ತೆಗೆದರು. ಹೊಸ ಗಾಜಿನಲ್ಲಿ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಅದು ಸೊಸೆಯದೇ ಕೂದಲು, ತಾಯಿಯದೇ ದಪ್ಪ, ತಾಯಿಯದೇ ಗುಂಗುರು. ಜಡೆ ಹೆಣೆದು ತುದಿಗೆ ಗಂಟು ಹಾಕಿದರು.

ಸಂಜೆ ದೀಪ ಹಚ್ಚಿ ಅತ್ತೆ ಕೂತರು. ಅಂದು, ಎಷ್ಟೋ ದಿನದ ಮೇಲೆ, ಪ್ರಾರ್ಥನೆಗೆ ಮಾತು ಬಂತು.

"ದೇವರೇ, ಯಾಕೆ ಅಂತ ನಾನು ನಿನ್ನ ಕೇಳಲ್ಲ. ಕೇಳ್ಬೇಕಾದೋರೆಲ್ಲ ಕೇಳಿ ಆಯ್ತು. ನನ್ನ ಸೊಸೆ ನಿನ್ನ ಹತ್ರ ಬಂದಿದ್ದಾಳೆ. ತಲೆನೋವು ಅಂತ ಬಾಯಿಬಿಟ್ಟು ಹೇಳೋಳಲ್ಲ, ನೀನೇ ನೋಡ್ಕೊಂಡು ಹಣೆ ಮೇಲೆ ಕೈಯಿಡು. ಹೊಲೀತೀನಿ ಅಂತ ಕೂತ್ರೆ ಬಿಡ್ಬೇಡ. ಎಲ್ಲರಿಗೂ ಬಡಿಸಿ ತಾನು ಉಳಿದುಬಿಡ್ತಾಳೆ, ಮೊದಲು ಅವಳಿಗೆ ಬಡಿಸು. ಬಿಳೀ ಅಂಗಿಯ ಕಾಜಾ ಆಗಿದೆ ಅಂತ ಹೇಳು. ಅವಳಿಗೆ ಶಾಂತಿ ಕೊಡು. ಎಲ್ಲದಕ್ಕೂ ಅವಳೇ ಮುಂದೆ ಹೋದಳು, ಇದಕ್ಕೂ ಹೋದಳು. ನನ್ನ ಚೀಟಿ ಕೂಗಿದ ದಿನ ನಂಗೆ ಕಾಲು ಏಳದೆ ಹೋದ್ರೆ, ಆ ಕಡೆಯಿಂದ ಅವಳ ದನಿ ಕೇಳಿಸೋ ಹಾಗೆ ಮಾಡು. ಇರುವೆ ಕಚ್ಚಿದ ಹಾಗೆ ಅಷ್ಟೆ, ಬನ್ನಿ ಅತ್ತೆ ಅನ್ನಲಿ. ಅಲ್ಲಿಯವರೆಗೆ ಅವಳನ್ನ ಯಾರೂ ಎಬ್ಬಿಸದೆ ಇರಲಿ. ನೆಮ್ಮದಿಯಾಗಿ ಮಲಗಿರಲಿ."